ಕ್ಲಿಪ್ ಹಾಕಿಸಿದ್ರೆ ದವಡೆ ಸರಿ ಹೋಗತ್ತಾ?

ಕಿವಿಯ ಮುಂದೆ ಎರಡು ಬೆರಳಿಟ್ಟುಕೊಂಡು ಬಾಯಿ ನಿಧಾನವಾಗಿ ತೆಗೆದು ಮುಚ್ಚಿ ನೋಡಿ. ಬೆರಳ ಕೆಳಗೆ ಗುಂಡಗಿರೋದು ಏನೋ ಒಂದು ಮುಂದಕ್ಕೆ ಜಾರಿ ವಾಪಸ್ ಬರತ್ತಲ್ಲ, ಅದೇ ದವಡೆ ಕೀಲು. ಡಾಕ್ಟರ್‌ಗಳು ಟಿಎಂಜೆ ಅಂತಾರೆ. ಎರಡು ಕಡೆಗೂ ಒಂದೊಂದು. ಸರಿಯಾಗಿ ಕೆಲಸ ಮಾಡೋ ತನಕ ಅದು ಇದೆ ಅನ್ನೋದೇ ಯಾರಿಗೂ ನೆನಪಿರಲ್ಲ.

ನನ್ನದು ಮೂರನೇ ಸೆಮಿಸ್ಟರ್‌ನಲ್ಲಿ 'ಟಕ್' ಅನ್ನೋಕೆ ಶುರು ಮಾಡಿತು, ಬಲಗಡೆ. ಮೆಸ್ಸಿನಲ್ಲಿ ಪಕ್ಕ ಕೂತವಳಿಗೂ ಕೇಳಿಸೋಷ್ಟು ಜೋರು. ಸ್ವಲ್ಪ ದಿನ ಅದು ಎಲ್ಲರಿಗೂ ತಮಾಷೆಯಾಗಿತ್ತು. ಆಮೇಲೆ ನೋವು ಬಂತು. ಬೆಳಗ್ಗೆ ಎದ್ದರೆ ಕೆನ್ನೆ ಬಿಗಿ, ಮಧ್ಯಾಹ್ನದ ಹೊತ್ತಿಗೆ ತಲೆನೋವು, ರಾತ್ರಿ ಮೆಸ್ಸಿನ ಚಪಾತಿ ನೋಡಿದರೇ ಭಯ. (ನಮ್ಮ ಮೆಸ್ಸಿನ ಚಪಾತಿ ಬಗ್ಗೆ ಗೊತ್ತಿರೋರಿಗೆ ವಿವರಣೆ ಬೇಡ.) ಎರಡನೇ ಇಂಟರ್ನಲ್ಸ್ ವಾರದಲ್ಲಿ ಒಂದು ಬೆಳಗ್ಗೆ ಬಾಯಿ ಒಂದು ಬೆರಳಿನಷ್ಟೇ ತೆರೆದುಕೊಂಡು ನಿಂತುಬಿಡ್ತು. ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ನಾನು ಜೀವಮಾನವಿಡೀ ಸ್ಟ್ರಾ ಹಾಕ್ಕೊಂಡು ಊಟ ಮಾಡೋ ಹಾಗೆಲ್ಲ ಯೋಚನೆ ಮಾಡಿ ಮುಗಿಸಿದ್ದೆ.

ನಮ್ಮೂರು ತಿಪಟೂರು ಕಡೆ. ರಜೆಗೆ ಹೋದಾಗ ಅಮ್ಮ ಟೌನಿನ ಒಂದು ಡೆಂಟಲ್ ಕ್ಲಿನಿಕ್ಕಿಗೆ ಕರ್ಕೊಂಡು ಹೋದಳು. ಅಲ್ಲಿನ ಡಾಕ್ಟರು ಐದು ನಿಮಿಷ ನೋಡಿ ಹೇಳಿದ್ದು ಇಷ್ಟು: ಕೆಳಗಿನ ಹಲ್ಲುಗಳು ಒತ್ತೊತ್ತಾಗಿವೆ, ಕಚ್ಚು ಸರಿಯಾಗಿ ಕೂರ್ತಿಲ್ಲ, ಅದರಿಂದ ಕೀಲಿನ ಮೇಲೆ ಲೋಡ್ ಬೀಳ್ತಿದೆ. ನಾಲ್ಕು ಹಲ್ಲು ತೆಗೆದು ಕ್ಲಿಪ್ ಹಾಕಬೇಕು, ಎರಡು ವರ್ಷ, 65 ಸಾವಿರ. "ಈಗ ಮಾಡಿಸದೇ ಇದ್ರೆ ಮುಂದೆ ಕೀಲೇ ಹೋಗತ್ತೆ."

ಅಪ್ಪ ಲೆಕ್ಕ ಹಾಕಿದ್ದು ಒಂದೇ ಮಾತಿನಲ್ಲಿ. "ಕೊಬ್ಬರಿ ಹರಾಜಿಗೆ ಹೋಗ್ಲಿ, ಕಟ್ಟೋಣ ಬಿಡು." ಚಿಕ್ಕಮ್ಮ ಫೋನಿನಲ್ಲಿ, "ಒಳ್ಳೇದೇ ಆಯ್ತು ಕಣೆ, ಹೇಗಿದ್ರೂ ಮದುವೆಗೆ ಮುಂಚೆ ಹಲ್ಲು ಸರಿ ಮಾಡಿಸಬೇಕಿತ್ತು." ಹತ್ತೊಂಬತ್ತು ವರ್ಷಕ್ಕೆ ಈ ಮಾತಿಗೆ ಏನು ಉತ್ತರ ಕೊಡೋದು ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ.

ನಾನು ಮೆಕ್ಯಾನಿಕಲ್. 'ಲೋಡ್' ಅನ್ನೋ ಪದ ಕೇಳಿದ ತಕ್ಷಣ ನಂಬಿಕೆ ಬಂದುಬಿಡತ್ತೆ. ಆದರೆ ಒಂದು ಪ್ರಶ್ನೆ ಉಳಿದಿತ್ತು. ನನ್ನ ಹಲ್ಲು ಸೊಟ್ಟ ಇರೋದು ಏಳನೇ ಕ್ಲಾಸಿನಿಂದ. ಕೀಲು ನೋಯೋಕೆ ಶುರುವಾಗಿದ್ದು ಹೋದ ಸೆಮಿಸ್ಟರ್‌ನಿಂದ. ಸೊಟ್ಟ ಹಲ್ಲೇ ಕಾರಣ ಆಗಿದ್ದರೆ ಮಧ್ಯದ ಅಷ್ಟು ವರ್ಷ ಅದು ಏನು ಮಾಡ್ತಿತ್ತು? "ಅಪ್ಪ, ಒಂದು ತಿಂಗಳು ತಡಿ" ಅಂದೆ. ಅವನು "ನೋವು ನಿಂದು, ನೀನೇ ಹೇಳು" ಅಂದ.

ಆ ಒಂದು ತಿಂಗಳು ನಾನು ಥರ್ಮೋಡೈನಾಮಿಕ್ಸ್‌ಗಿಂತ ಜಾಸ್ತಿ ದವಡೆ ಓದಿದೆ.

ಮೊದಲು ಈ ಟಕ್ ಏನು ಅಂತ. ಕೆಳದವಡೆಯ ತುದಿಯಲ್ಲಿರೋ ಗುಂಡು ಮೂಳೆಗೂ ತಲೆಬುರುಡೆಯ ಗುಳಿಗೂ ನಡುವೆ ಒಂದು ತೆಳ್ಳನೆಯ ಡಿಸ್ಕ್ ಇರತ್ತೆ. ಬಾಯಿ ಸ್ವಲ್ಪ ತೆಗೆಯುವಾಗ ಕೀಲು ಬಾಗಿಲ ಹಿಂಜಿನ ಹಾಗೆ ತಿರುಗತ್ತೆ, ಇನ್ನೂ ಅಗಲ ಮಾಡಿದರೆ ಪೂರ್ತಿ ಮುಂದಕ್ಕೆ ಜಾರತ್ತೆ. ತಿರುಗೋದೂ ಜಾರೋದೂ ಒಂದೇ ಕೀಲಿನಲ್ಲಿ. ಅದೂ ಎಡ ಬಲ ಎರಡೂ ಒಂದೇ ಮೂಳೆಯ ಎರಡು ತುದಿ, ಒಂದು ಬಿಟ್ಟು ಇನ್ನೊಂದು ಅಲ್ಲಾಡೋಕಾಗಲ್ಲ. ಡಿಸ್ಕ್ ತನ್ನ ಜಾಗ ಬಿಟ್ಟು ಮುಂದಕ್ಕೆ ಸರಿದಿದ್ದರೆ, ಬಾಯಿ ತೆಗೆಯುವಾಗ ಮೂಳೆ ಅದರ ಮೇಲೆ ವಾಪಸ್ ಹತ್ತಿಕೊಳ್ಳತ್ತೆ. ಟಕ್. ಹತ್ತದೇ ಹೋದರೆ ಬಾಯಿ ಅರ್ಧಕ್ಕೇ ನಿಲ್ಲತ್ತೆ. ನೋವಿಲ್ಲದ ಬರೀ ಸದ್ದು ತುಂಬಾ ಜನಕ್ಕೆ ಇರತ್ತೆ, ಅದಕ್ಕೆ ಚಿಕಿತ್ಸೆ ಏನೂ ಬೇಡ. ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸಿದರೆ, ಸುಮಾರು 40 ಮಿ.ಮೀ., ಬಾಯಿ ತೆರೆಯೋದರಲ್ಲಿ ತೊಂದರೆ ಇಲ್ಲ ಅಂತ ಅಂದಾಜು.

ಇನ್ನು ಹಲ್ಲಿನ ಕಚ್ಚಿಗೂ ಕೀಲಿಗೂ ಗಂಟು ಹಾಕಿದ್ದು ಯಾರು ಅಂತ ಹುಡುಕಿದರೆ 1934ಕ್ಕೆ ಹೋಗಬೇಕು. ಅಮೆರಿಕದ ಜೇಮ್ಸ್ ಕಾಸ್ಟನ್ ಅನ್ನೋ ಕಿವಿ-ಗಂಟಲು ಡಾಕ್ಟರು, ಬರೀ 11 ರೋಗಿಗಳನ್ನು ನೋಡಿ, ಕಚ್ಚು ಸರಿ ಇಲ್ಲದಿದ್ದರಿಂದ ಕೀಲಿಗೂ ಕಿವಿಗೂ ತೊಂದರೆ ಅಂತ ಬರೆದರು. ಹನ್ನೊಂದು! ನಮ್ಮ ಲ್ಯಾಬಿನಲ್ಲಿ ಅಷ್ಟು ರೀಡಿಂಗ್ ತಗೊಂಡು ಗ್ರಾಫ್ ಹಾಕಿದರೆ ಮೇಡಂ ರೆಕಾರ್ಡ್ ವಾಪಸ್ ಎಸೀತಾರೆ. ಆದರೂ ಅದರ ಮೇಲೆ ದಶಕಗಟ್ಟಲೆ ಹಲ್ಲು ಉಜ್ಜಿ, ಕ್ಯಾಪ್ ಹಾಕಿ, ಕ್ಲಿಪ್ ಹಾಕಿ ಕೀಲು ರಿಪೇರಿ ಮಾಡೋ ಕೆಲಸ ನಡೀತು. ತಮಾಷೆ ಅಂದರೆ 1987ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಇದರ ಉಲ್ಟಾ ಕೇಸ್ ನಡೆದು, ಕ್ಲಿಪ್ ಹಾಕಿದ್ದರಿಂದಲೇ ನನ್ನ ಕೀಲು ಕೆಟ್ಟಿತು ಅಂದ ಹುಡುಗಿ ಗೆದ್ದಳು. ಆ ತೀರ್ಪಿಗೆ ಹೆದರಿ ಕ್ಲಿಪ್ ಡಾಕ್ಟರುಗಳ ಸಂಘವೇ ಸಂಶೋಧನೆಗೆ ದುಡ್ಡು ಹಾಕಿತು. ವರ್ಷಗಟ್ಟಲೆ ನೋಡಿದ ಮೇಲೆ ಬಂದ ಉತ್ತರ: ಕ್ಲಿಪ್ಪಿನಿಂದ ಕೀಲಿನ ಕಾಯಿಲೆ ಬರೋದೂ ಇಲ್ಲ, ಹೋಗೋದೂ ಇಲ್ಲ. ಹಲ್ಲು ನೇರ ಮಾಡಿಸಿಕೊಳ್ಳೋಕೆ ಬೇರೆ ಒಳ್ಳೇ ಕಾರಣಗಳು ಇರಬಹುದು, ಕೀಲು ನೋವು ಆ ಪಟ್ಟಿಯಲ್ಲಿಲ್ಲ.

ಓದ್ತಾ ಓದ್ತಾ ಸಿಕ್ಕ ಇನ್ನೊಂದು ಕಥೆ ಹೇಳದೇ ಬಿಡೋಕಾಗಲ್ಲ, ಅದರಲ್ಲೂ ನಮ್ಮ ಬ್ರಾಂಚಿನವರಿಗೆ. 1980ರ ದಶಕದಲ್ಲಿ ಅಮೆರಿಕದ ವೈಟೆಕ್ ಅನ್ನೋ ಕಂಪನಿ ಕೆಟ್ಟ ಡಿಸ್ಕಿನ ಬದಲು ಹಾಕೋಕೆ ಟೆಫ್ಲಾನ್ ಸೇರಿದ ಇಂಪ್ಲಾಂಟ್ ಮಾರ್ತಿತ್ತು. ಟೆಫ್ಲಾನ್ ಅಂದರೆ ಫ್ರಿಕ್ಷನ್ ತೀರಾ ಕಡಿಮೆ, ಕೇಳೋಕೆ ಎಷ್ಟು ಚೆನ್ನಾಗಿದೆ! ಆದರೆ ಅಗಿಯೋ ಲೋಡಿಗೆ ಅದು ಪುಡಿಪುಡಿಯಾಯ್ತು. ಆ ಪುಡಿಯನ್ನು ಓಡಿಸೋಕೆ ಹೋದ ದೇಹ ಸುತ್ತಲಿನ ಮೂಳೆಯನ್ನೇ ಕರಗಿಸಿತು. ಕೆಲವರಿಗೆ ಗುಳಿಯ ಮೂಳೆಯೇ ತೂತಾಯ್ತು. 1990ರಲ್ಲಿ ಅಲ್ಲಿನ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಸಿಟ್ಟು ಬರೋದು ಯಾಕೆ ಅಂದರೆ, ಇಂಗ್ಲೆಂಡಿನ ಜಾನ್ ಚಾರ್ನ್ಲಿ ಸೊಂಟದ ಕೀಲಿಗೆ ಇದೇ ಟೆಫ್ಲಾನ್ ಹಾಕಿ, ಅದು ಇದೇ ರೀತಿ ಸವೆದು, 1962ರಲ್ಲೇ ಅದನ್ನು ಬಿಟ್ಟು ಪಾಲಿಎಥಿಲೀನ್ ಹಿಡಿದಿದ್ದರು. ಇಪ್ಪತ್ತು ವರ್ಷ ಮುಂಚೆ ಗೊತ್ತಿದ್ದ ವಿಷಯ. ಮೆಟೀರಿಯಲ್ ಸೈನ್ಸ್‌ನಲ್ಲಿ 'ವೇರ್' ಅಂತ ಅರ್ಧ ಪುಟ ಓದಿ ಐದು ಮಾರ್ಕ್ಸಿಗೆ ಬರೀತೀವಲ್ಲ, ಅದು ಯಾರದೋ ಮುಖದ ಮೂಳೆ.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಬೆಂಗಳೂರಿನ ಒಂದು ಡೆಂಟಲ್ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗಕ್ಕೆ ಹೋದೆ. ಪಿಜಿ ಓದ್ತಿರೋ ಅಕ್ಕ ಒಬ್ಬರು ಅರ್ಧ ಗಂಟೆ ನೋಡಿದರು. ಸ್ಕೇಲ್ ಇಟ್ಟು ಬಾಯಿ ಅಳೆದರು, ಕೆನ್ನೆಯ ಸ್ನಾಯು ಒತ್ತಿದರು (ಜೀವ ಹೋಯ್ತು), ಎಕ್ಸ್‌ರೇ ತೆಗೆಸಿದರು. ಮೂಳೆಯಲ್ಲಿ ಏನೂ ಇಲ್ಲ. ಆಮೇಲೆ ಕೇಳಿದರು: "ಈಗ ನಿಮ್ಮ ಮೇಲಿನ ಹಲ್ಲು ಕೆಳಗಿನ ಹಲ್ಲು ತಾಗಿದ್ಯಾ?"

ತಾಗಿತ್ತು. ಒತ್ತಿ ಹಿಡಿದಿದ್ದೆ.

"ಸುಮ್ಮನೆ ಇರುವಾಗ ತಾಗಬಾರದು. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ" ಅಂದರು. ಅಗಿಯುವಾಗ, ನುಂಗುವಾಗ ಬಿಟ್ಟರೆ ಹಲ್ಲಿಗೆ ಹಲ್ಲು ತಾಗೋ ಕೆಲಸವೇ ಇಲ್ಲವಂತೆ. ನೀವೂ ಈಗ ನೋಡಿಕೊಂಡಿರ್ತೀರ, ಗೊತ್ತು. ನಮ್ಮ ಭಾಷೆಯಲ್ಲಿ ಕಷ್ಟ ಬಂದಾಗ ಹೇಳೋ ಬುದ್ಧಿಮಾತೇ 'ಹಲ್ಲು ಕಚ್ಚಿಕೊಂಡು ಇರು' ಅಂತ. ಪಿಯುಸಿಯಿಂದ ಕೇಳ್ತಾ ಬಂದಿದ್ದೇವೆ: ಎರಡು ವರ್ಷ ಹಲ್ಲು ಕಚ್ಕೊಂಡು ಓದಿಬಿಡು, ಆಮೇಲೆ ಆರಾಮು. ನನ್ನ ದವಡೆ ಆ ಮಾತನ್ನು ಅಕ್ಷರಶಃ ಪಾಲಿಸ್ತಿತ್ತು.

ಅವರು ಕೊಟ್ಟ ಚಿಕಿತ್ಸೆ ಕೇಳಿ ಅಮ್ಮನಿಗೆ ನಿರಾಸೆಯಾಯ್ತು, ಅಷ್ಟು ಸಾದಾ. ಎರಡು ವಾರ ಮೆತ್ತಗಿನ ಊಟ. (ಮುದ್ದೆ! ಅಗಿಯೋ ಹಾಗೇ ಇಲ್ಲ, ನುಂಗೋದು. ನಮ್ಮ ಕಡೆಯವರು ಈ ಕಾಯಿಲೆಗೆ ಹುಟ್ಟುತ್ತಲೇ ತಯಾರಾಗಿದ್ದೇವೆ.) ದಿನಕ್ಕೆ ಎರಡು ಸಲ ಬಿಸಿ ಬಟ್ಟೆ ಕಾವು. ನಾಲಿಗೆ ತುದಿ ಅಂಗಳಕ್ಕೆ ಒತ್ತಿ ಹಿಡಿದು ಬಾಯಿ ನಿಧಾನ ತೆಗೆದು ಮುಚ್ಚೋ ವ್ಯಾಯಾಮ. ಆಕಳಿಕೆ ಬಂದರೆ ಗಲ್ಲದ ಕೆಳಗೆ ಮುಷ್ಟಿ. ಫಿಸಿಯೋ ಹತ್ತಿರ ಕೆನ್ನೆ, ಕುತ್ತಿಗೆಯ ಸ್ನಾಯು ಒತ್ತಿಸಿಕೊಳ್ಳೋದು. ಚ್ಯೂಯಿಂಗ್ ಗಮ್ ಬಂದ್. ನೈಟ್ ಗಾರ್ಡ್ ಬೇಕಾ ಅಂತ ನಾನೇ ಕೇಳಿದೆ. ಹಲ್ಲು ಸವೀತಿದ್ದರೆ ಉಪಯೋಗ, ನೋವಿಗೆ ಅದರ ಮೇಲೆ ಅಷ್ಟು ಭರವಸೆ ಇಡಬೇಡಿ ಅಂದರು. ಬಹಳ ದಿನದಿಂದ ಇರೋ ಕೀಲು ನೋವಿನ ಬಗ್ಗೆ 2023ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳತ್ತೆ: ವ್ಯಾಯಾಮ, ಕೈಯಿಂದ ಮಾಡೋ ಚಿಕಿತ್ಸೆ, ಒತ್ತಡ ನಿಭಾಯಿಸೋಕೆ ಕೌನ್ಸೆಲಿಂಗ್ ಥರದ್ದು ಮೊದಲು. ವಾಪಸ್ ತಿರುಗಿಸಲಾಗದ ಯಾವುದಕ್ಕೂ ಅವಸರ ಬೇಡ.

ಬಾಯಿ ಸಿಕ್ಕಿಹಾಕಿಕೊಂಡು ಬಿಡದೇ ಇದ್ದರೆ, ಕಚ್ಚು ಇದ್ದಕ್ಕಿದ್ದ ಹಾಗೆ ಬದಲಾದರೆ, ಊತ ಜ್ವರ ಬಂದರೆ ಮಾತ್ರ ಕಾಯಬೇಡಿ, ತಕ್ಷಣ ತೋರಿಸಿ ಅಂತ ಎರಡು ಸಲ ಹೇಳಿದರು. ನಾನೂ ಹೇಳಿಬಿಡ್ತೀನಿ.

ನನ್ನ ಲ್ಯಾಪ್‌ಟಾಪಿನ ಅಂಚಿಗೆ 'ಹಲ್ಲು ಬಿಡು' ಅಂತ ಚೀಟಿ ಅಂಟಿಸಿದೆ. ರೂಂಮೇಟ್ ಅದನ್ನು 'ನಗು' ಅಂತ ಅರ್ಥ ಮಾಡ್ಕೊಂಡು ದಿನಾ ಬೆಳಗ್ಗೆ ನನಗೆ ಹಲ್ಲು ಕಿರೀತಾಳೆ. ಒಂದೊಂದು ಸಲ ಚೀಟಿ ನೋಡಿದಾಗಲೂ ಗೊತ್ತಾಗೋದು, ಕಚ್ಚಿ ಹಿಡಿದಿದ್ದೇನೆ ಅಂತ. ಕೋಡ್ ರನ್ ಆಗದಿದ್ದಾಗ. ಅಟೆಂಡೆನ್ಸ್ ಪೋರ್ಟಲ್ ತೆರೆದಾಗ. ಮನೆಯಿಂದ ಫೋನ್ ಬಂದಾಗ, ಈ ವರ್ಷ ಕಾಯಿ ಕಡಿಮೆ ಅಂತ ಅಪ್ಪ ಮೆಲ್ಲಗೆ ಹೇಳುವಾಗ.

ಎರಡೂವರೆ ತಿಂಗಳಿಗೆ ನೋವು ಮುಕ್ಕಾಲು ಪಾಲು ಹೋಯ್ತು. ಇಂಟರ್ನಲ್ಸ್ ವಾರ ವಾಪಸ್ ಬರತ್ತೆ, ಹೋಗತ್ತೆ. ಟಕ್ ಹಾಗೇ ಇದೆ. ನಾಲ್ಕು ಹಲ್ಲೂ ಬಾಯಲ್ಲೇ ಇವೆ. ಆ 65 ಸಾವಿರದಲ್ಲಿ ಸ್ವಲ್ಪ ಭಾಗಕ್ಕೆ ಅಪ್ಪ ತೋಟಕ್ಕೆ ಡ್ರಿಪ್ ಪೈಪು ತಂದಿದ್ದಾನೆ. ಹಲ್ಲು ನೇರ ಮಾಡಿಸಬೇಕಾ ಅನ್ನೋದನ್ನ ಕೆಲಸ ಸಿಕ್ಕಿದ ಮೇಲೆ ನನ್ನ ದುಡ್ಡಲ್ಲಿ ಯೋಚನೆ ಮಾಡ್ತೀನಿ ಅಂತ ಚಿಕ್ಕಮ್ಮನಿಗೆ ಹೇಳಿದೆ. ಅವಳು, "ಅಷ್ಟರಲ್ಲಿ ವಯಸ್ಸಾಗಿರತ್ತೆ ಕಣೆ" ಅಂದಳು. ಕ್ಲಿಪ್ಪಿಗೆ ವಯಸ್ಸಿನ ಮಿತಿ ಇಲ್ಲ ಚಿಕ್ಕಮ್ಮ, ಓದಿದ್ದೀನಿ ಅಂದೆ. ಅವಳು ಕ್ಲಿಪ್ ಬಗ್ಗೆ ಹೇಳಿರಲಿಲ್ಲ.