ಮಿಂಗ್ ಥಾಚ್‌ನಲ್ಲಿ ನೌಕರಿ

ಕ್ಯಾಂಪ್ ಲೀಡರ್ ಎಂದು ನೇಮಕವಾದವನ ಕೈಗೆ ಮೊದಲು ಬಂದದ್ದು ಗುದ್ದಲಿ. ಊಟದ ಟೆಂಟಿನಿಂದ ದೂರಕ್ಕೆ, ಹಳ್ಳದಿಂದ ಇನ್ನೂ ದೂರಕ್ಕೆ, ಸೊಂಟದುದ್ದ ಗುಂಡಿ ತೋಡಬೇಕು. ಅದರ ಮೇಲೊಂದು ಪುಟ್ಟ ಟೆಂಟು, ಪಕ್ಕದಲ್ಲಿ ಮಣ್ಣಿನ ಗುಡ್ಡೆ. ಇದು ಕ್ಯಾಂಪಿನ ಪಾಯಿಖಾನೆ. ಬಿ.ಇ. ಮುಗಿಸಿ ಮನೆಯಲ್ಲಿ ಕೂತಿದ್ದ ವರ್ಷ ಚಾರಣದ ಕಂಪನಿಯೊಂದರ ಬೇಸಿಗೆ ಕೆಲಸಕ್ಕೆ ಹೊರಟಾಗ ಅಪ್ಪ, "ಓದಿಸಿದ್ದು ಟೆಂಟು ಹೊಡೆಯೋಕೇನೋ?" ಎಂದಿದ್ದರು. ಗುಂಡಿಯ ವಿಷಯ ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದಿಲ್ಲಿ, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಭುಂತರ್, ಮತ್ತೊಂದು ಬಸ್ಸಿನಲ್ಲಿ ಪಾರ್ವತಿ ನದಿಯ ಪಕ್ಕದ ಕಸೋಲ್. ಆಮೇಲೆ ಕಾಲೇ ಗತಿ. ಗ್ರಹಣ್ ಎಂಬ ಹಳ್ಳಿ ದಾಟಿ ಮೇಲೇರಿದರೆ ಮಿಂಗ್ ಥಾಚ್. ಸರ್ ಪಾಸ್ ಎಂಬ ಬೆಟ್ಟದ ಕಣಿವೆಗೆ ಹೋಗುವ ದಾರಿಯ ಹುಲ್ಲುಗಾವಲು, ಸುಮಾರು 11 ಸಾವಿರ ಅಡಿ. ಮುಳ್ಳಯ್ಯನಗಿರಿ ಹತ್ತಿ ಬೀಗಿದ್ದ ನಾನು ಲೆಕ್ಕ ಹಾಕಿ ನೋಡಿದೆ: ನಮ್ಮ ರಾಜ್ಯದ ಅತಿ ಎತ್ತರದ ಆ ಶಿಖರ 1,930 ಮೀಟರ್. ಇಲ್ಲಿ ಅಷ್ಟೆತ್ತರದಲ್ಲಿ ಜನ ಇನ್ನೂ ಗ್ರಹಣ್‌ನ ದಾರಿಯಲ್ಲೇ ನಡೆಯುತ್ತಿರುತ್ತಾರೆ.

ಕ್ಯಾಂಪಿನ ನಿಜವಾದ ಯಜಮಾನ ಅಡುಗೆಯವನು. ನೇಪಾಳದವನು, ಎಲ್ಲರೂ 'ದಾಜು' ಅನ್ನುತ್ತಿದ್ದರು, ಅಣ್ಣ ಎನ್ನುವ ಹಾಗೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಹಳ್ಳದ ಅಂಚಿನ ತೆಳು ಹಿಮ ಒಡೆದು ನೀರು ತುಂಬಿಕೊಂಡು ಬರುತ್ತಿದ್ದ. ಆ ಎತ್ತರದಲ್ಲಿ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ; ಕಣ್ಣಿಗೆ ಕೊತಕೊತ ಕಂಡರೂ ಬೇಳೆ ಬೇಯುವುದಿಲ್ಲ. ಹಾಗಾಗಿ ಕುಕ್ಕರ್ ಇಲ್ಲದೆ ಕ್ಯಾಂಪೇ ಇಲ್ಲ. ಕಸೋಲ್‌ನ ಪಕ್ಕದ ಮಣಿಕರಣ್‌ನಲ್ಲಿ ಬಿಸಿನೀರಿನ ಬುಗ್ಗೆಗೆ ಅಕ್ಕಿಯ ಗಂಟು ಇಳಿಬಿಟ್ಟರೆ ಸಾಕು, ಭೂಮಿಯೇ ಅನ್ನ ಮಾಡಿಕೊಡುತ್ತದೆ. ಮೇಲೆ ಮಾತ್ರ ಹೇಸರಗತ್ತೆ ಹೊತ್ತು ತಂದ ಸಿಲಿಂಡರ್ ಮುಗಿಯುವಷ್ಟರಲ್ಲಿ ರಾಜ್ಮಾ ಬೆಂದರೆ ಪುಣ್ಯ. ದಾಜು ಕುಕ್ಕರಿನ ಮುಚ್ಚಳಕ್ಕೆ ಕಿವಿಯೊಡ್ಡಿ ಕೂರುತ್ತಿದ್ದ. ಸೀಟಿ ಲೆಕ್ಕ ಹಾಕುತ್ತಿರಲಿಲ್ಲ. ಒಳಗಿನ ಸದ್ದು ಬದಲಾದ ಕೂಡಲೇ ಒಲೆ ಆರಿಸುತ್ತಿದ್ದ. ಒಮ್ಮೆಯೂ ತಪ್ಪಿದ್ದಿಲ್ಲ.

ನನ್ನ ಪಾಲಿಗೆ ಉಳಿದದ್ದು ಸ್ಲೀಪಿಂಗ್ ಬ್ಯಾಗ್ ಎಣಿಸುವುದು, ಒದ್ದೆಯಾದವನ್ನು ಬಿಸಿಲಿಗೆ ಹರವುವುದು, ಮಧ್ಯಾಹ್ನದ ಆಲಿಕಲ್ಲು ಬೀಳುವ ಮೊದಲು ಎಳೆದು ಒಳಗೆ ಹಾಕುವುದು. ಹಿಮಾಲಯ ನೋಡಲು ಬಂದವನಿಗೆ ಹಿಮಾಲಯ ಕಾಣುತ್ತಿದ್ದುದು ಪಾತ್ರೆ ಉಜ್ಜುವಾಗ ತಲೆಯೆತ್ತಿದರೆ ಮಾತ್ರ. ಇದೇನೂ ದೂರಲ್ಲ. ಆಗಾಗ ಗದ್ದಿ ಕುರಿಗಾಹಿಗಳು ಮಂದೆ ಹೊಡೆದುಕೊಂಡು ಮೇಲಿನ ಹುಲ್ಲಿಗೆ ಹೋಗುತ್ತಿದ್ದರು. ಅವರ ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ, ಚಿರತೆ ಕತ್ತಿಗೆ ಬಾಯಿ ಹಾಕದಿರಲೆಂದು. ನೌಕರಿಗೆ ತಕ್ಕ ಸಮವಸ್ತ್ರ ಅಂದರೆ ಅದು. ನನಗೆ ಕೊಟ್ಟಿದ್ದು ಕಂಪನಿಯ ಟೀ ಶರ್ಟು.

ಬೆಂಗಳೂರಿನ ತಂಡ ಬಂದರೆ ಸಂಭ್ರಮ. "ಅಯ್ಯೋ, ನೀವು ಕನ್ನಡದವ್ರಾ!" ಎನ್ನುವಷ್ಟರಲ್ಲಿ ಚೀಲದಿಂದ ಚಟ್ನಿಪುಡಿ ಹೊರಬರುತ್ತಿತ್ತು. ಒಬ್ಬ ಅಮ್ಮನವರು ಪುಳಿಯೋಗರೆ ಗೊಜ್ಜಿನ ಡಬ್ಬಿಯನ್ನೇ ಬಿಟ್ಟುಹೋದರು. ದಾಜು ಅದನ್ನು ಚಪಾತಿಗೆ ಸವರಿಕೊಂಡು ತಿಂದು, ಡಬ್ಬಿ ತನ್ನ ಹಾಸಿಗೆ ಹತ್ತಿರ ಇಟ್ಟುಕೊಂಡ. ಕೇಳುವ ಧೈರ್ಯ ನನಗೆ ಬರಲಿಲ್ಲ.

ಆದರೆ ಕನ್ನಡದವರಿಂದಲೇ ಪೇಚಾಟವೂ ಹೆಚ್ಚು, ಏಕೆಂದರೆ ಸುಳ್ಳನ್ನು ಕನ್ನಡದಲ್ಲಿ ಹೇಳುತ್ತಾರೆ. ಸಂಜೆ ಎಲ್ಲರ ಬೆರಳಿಗೂ ಆಕ್ಸಿಮೀಟರ್ ಸಿಕ್ಕಿಸಿ, ತಲೆನೋವು, ವಾಕರಿಕೆ ಇದೆಯೇ ಎಂದು ಕೇಳಬೇಕು. ಒಬ್ಬ ಹುಡುಗ "ಏನಿಲ್ಲ ಸಾರ್, ಆರಾಮ್" ಅಂದ. ಅವನ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ನನಗಿಂತ ಮೊದಲು ಅದನ್ನು ಕಂಡವನು ದಾಜು: "ಊಟ ಬಿಟ್ಟವನನ್ನು ಮೇಲೆ ಕಳಿಸಬೇಡ." ಮುಂದಿನ ಕ್ಯಾಂಪು ನಗಾರು, ಅದರಾಚೆ 13,800 ಅಡಿಯ ಸರ್ ಪಾಸ್. ವಿಚಾರಿಸಿದರೆ, ಬೆಳಗಿನಿಂದ ತಲೆ ಸಿಡಿಯುತ್ತಿದೆ. ವಾಪಸು ಕಳಿಸಿಬಿಡುತ್ತಾರೆಂದು ಬಚ್ಚಿಟ್ಟಿದ್ದಾನೆ. ಸಿಟ್ಟಿನಿಂದ ನನ್ನ ಮುಖ ನೋಡದೆಯೇ ಬೆಳಿಗ್ಗೆ ಗ್ರಹಣ್‌ಗೆ ಇಳಿದ. ಅಲ್ಲಿ ತಲುಪುವಷ್ಟರಲ್ಲಿ ಹಸಿವಾಗಿ ಎರಡು ಪ್ಲೇಟು ಮ್ಯಾಗಿ ತಿಂದನೆಂದು ಜೊತೆಗೆ ಹೋದ ಗೈಡ್ ಬಂದು ಹೇಳಿದ.

ಎತ್ತರದ ಕಾಯಿಲೆಗೆ ಇಳಿಯುವುದಕ್ಕಿಂತ ದೊಡ್ಡ ಮದ್ದಿಲ್ಲ. ಈ ಬೇಸಿಗೆಗೆ ಹಿಮಾಲಯಕ್ಕೆ ಹೊರಟಿದ್ದರೆ, ತಲೆನೋವನ್ನು ಸಂಜೆಯೇ ಲೀಡರ್‌ಗೆ ಹೇಳಿ. ಪಾಸ್ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಹೋಗುವಾಗ ಅಡುಗೆಯವನಿಗೆ ಒಂದು ಡಬ್ಬಿ ಗೊಜ್ಜು ಒಯ್ಯಿರಿ.