ಗೇಣುದ್ದದ ಸಂಸಾರ

ಸರಕಾರಿ ಗುಮಾಸ್ತನಿಗೆ ಒಂದು ಹವ್ಯಾಸವಿರಬೇಕು ಎಂದು ಹೇಳುವವರು ಬಹಳ ಮಂದಿ. ಅವರ ಮನಸ್ಸಿನಲ್ಲಿರುವುದು ಅಂಚೆಚೀಟಿ, ಹಳೆಯ ನಾಣ್ಯ, ಹೆಚ್ಚೆಂದರೆ ಕೊಳಲು. ಬಿ.ಎಸ್‌ಸಿ. ಓದಿ, ನಲವತ್ತು ದಾಟಿ, ಕೇಂದ್ರ ಸರಕಾರದ ಕಛೇರಿಯೊಂದರಲ್ಲಿ ಕಡತಗಳಿಗೆ ನಂಬರು ಹಾಕುವ ಗಂಡಸು ರಾತ್ರಿ ಊಟವಾದ ಮೇಲೆ ಬಟ್ಟೆಯ ಗೊಂಬೆಗೆ ಸೀರೆ ಉಡಿಸುತ್ತಾನೆಂದರೆ, ಕೇಳಿದವರು ಮೊದಲು ಮಾತು ಬದಲಿಸುತ್ತಾರೆ. ಆಮೇಲೆ ‘ಮಗಳಿಗಾಗಿಯೋ?’ ಎಂದು ತಾವಾಗಿಯೇ ನಮಗೊಂದು ದಾರಿ ತೋರಿಸಿಕೊಡುತ್ತಾರೆ. ನಾವು ಹೌದೆನ್ನುತ್ತೇವೆ. ಅದು ಪೂರ್ತಿ ನಿಜವಲ್ಲ, ಸುಳ್ಳೂ ಅಲ್ಲ.

‘ನಾವು’ ಎಂದರೆ ಮೂವರು. ಹೊಲಿಗೆ ನಮ್ಮ ಮನೆಯವರದು. ತಂತಿ, ಅಂಟು, ಬಣ್ಣ ಗುಮಾಸ್ತರದು. ಫೋಟೋ ಏಳನೆಯ ಇಯತ್ತೆ ಓದುವ ಮಗಳದು. ಹಂಚಿಕೆ ಹೀಗಿದ್ದರೂ ಯಾರ ಕೆಲಸವನ್ನು ಯಾರು ಬೇಕಾದರೂ ಟೀಕಿಸಬಹುದೆಂಬುದು ಮನೆಯ ಕಾನೂನು.

ನಾವಿರುವ ಊರು ಮರಾಠಿ ಫಲಕದಲ್ಲಿ ಖುಲ್ತಾಬಾದ್, ಇಂಗ್ಲಿಷ್ ಫಲಕದಲ್ಲಿ ಖುಲ್ದಾಬಾದ್. ಕಛೇರಿ ಇರುವುದು ಛತ್ರಪತಿ ಸಂಭಾಜಿನಗರದಲ್ಲಿ, ಅಂದರೆ 2023ರವರೆಗೆ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದ ಊರಿನಲ್ಲಿ. ಸುಮಾರು ಇಪ್ಪತ್ತೈದು ಕಿಲೋಮೀಟರು, ಎಸ್.ಟಿ. ಬಸ್ಸು, ನಡುವೆ ದೌಲತಾಬಾದಿನ ಘಾಟು. ಮುಂಬಯಿ-ಪುಣೆಯ ಓದುಗರಿಗೆ ಇದು ದೂರವೇ ಅಲ್ಲವೆಂದು ಗೊತ್ತಿದೆ. ಬಾಡಿಗೆ ಕಡಿಮೆ, ಗಾಳಿ ಚೆನ್ನ, ಅದಕ್ಕೇ ಇಲ್ಲಿದ್ದೇವೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಅಳೆದು ಕೊಟ್ಟಿತು. ಗೋದಾವರಿ ಹರಿಯುವುದು ನಮ್ಮಿಂದ ದಕ್ಷಿಣಕ್ಕೆ, ಪೈಠಣದಲ್ಲಿ. ಲೆಕ್ಕ ಹಾಕಿದರೆ ನಾವು ಗಡಿ ದಾಟಿ ಬಂದವರು. ಆದರೆ ಇಲ್ಲಿಂದ ನಾಲ್ಕೈದು ಕಿಲೋಮೀಟರಿನ ವೇರುಳದಲ್ಲಿ, ಅಂದರೆ ಎಲ್ಲೋರದಲ್ಲಿ, ಎಂಟನೆಯ ಶತಮಾನದಲ್ಲಿಯೇ ರಾಷ್ಟ್ರಕೂಟರ ಒಂದನೆಯ ಕೃಷ್ಣ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡೆಸಿ ಕೈಲಾಸ ದೇವಾಲಯ ಮಾಡಿಸಿದ್ದಾನೆ. ಮನೆ ಬಾಡಿಗೆ ಕೇಳಲು ಹೋದಾಗ ಈ ಮಾತು ಉಪಯೋಗಕ್ಕೆ ಬರಲಿಲ್ಲ.

ಊರಿನೊಳಗೆ ದರ್ಗಾಗಳು ಹೆಚ್ಚು. 1707ರಲ್ಲಿ ತೀರಿಕೊಂಡ ಔರಂಗಜೇಬನ ಗೋರಿ ಶೇಖ್ ಜೈನುದ್ದೀನರ ದರ್ಗಾದ ಅಂಗಳದಲ್ಲಿ ಮೇಲೆ ಚಾವಣಿಯಿಲ್ಲದೆ ಇದೆ. ಬಾದಶಹ ಟೋಪಿ ಹೊಲಿದು ಗಳಿಸಿದ ನಾಲ್ಕು ರೂಪಾಯಿ ಎರಡಾಣೆಯಿಂದಲೇ ಅದರ ಖರ್ಚು ನಡೆಯಿತೆಂಬುದು ಐತಿಹ್ಯ. ಉಳಿದ ರಾಜಕಾರಣ ನಮಗೆ ಬೇಡ. ಗಂಡಸು ಸೂಜಿ ಹಿಡಿದನೆಂದು ಯಾರಾದರೂ ನಕ್ಕರೆ ಈ ಊರಿನಲ್ಲಿ ತೋರಿಸಲು ಒಂದು ಉದಾಹರಣೆಯಿದೆ, ಅಷ್ಟೇ.

ಗೊಂಬೆಯ ಕೆಲಸ ಆರಂಭವಾದದ್ದು 2020ರ ಜೂನ್ 21ರಂದು. ಅಂದು ಸೂರ್ಯಗ್ರಹಣ, ಮಣ್ಣೆತ್ತಿನ ಅಮಾವಾಸ್ಯೆ, ಊರಿಗೆ ಹೋಗಲು ರೈಲಿಲ್ಲದ ಕಾಲ. ನಮ್ಮವ್ವ ಕೊಪ್ಪಳದಲ್ಲಿ ಅಣ್ಣನ ಮನೆಯಲ್ಲಿ ಇರುತ್ತಾಳೆ. ಫೋನು ಮಾಡಿ ಕೇಳಿದ ಮೊದಲ ಮಾತು, “ಮಣ್ಣೆತ್ತು ಮಾಡೀರೇನು? ಹುಡುಗಿಗೆ ತೋರಿಸೀರೇನು?”

ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳಬೇಕೆಂದರೆ, ನಮ್ಮ ಕಡೆಯ ಮಳೆಗಾಲವೆಲ್ಲ ಮಣ್ಣಿನ ಗೊಂಬೆಯ ಕಾಲ. ಜ್ಯೇಷ್ಠದ ಅಮಾವಾಸ್ಯೆಗೆ ಜೋಡಿ ಎತ್ತು, ಅವುಗಳ ಮುಂದೆ ಗೋದಲಿ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ. ಅವಳಿಗೆ ಗುಲಗಂಜಿ, ಕುಸುಬಿಯ ಕಾಳು ಚುಚ್ಚಿ ಅಲಂಕಾರ. ಕೊನೆಯ ಮಂಗಳವಾರ ಬುತ್ತಿ ಕಟ್ಟಿಕೊಂಡು ಊರ ಹೊರಗೆ. ಭಾದ್ರಪದದಲ್ಲಿ ಗಣಪತಿ ಹೋದ ಬೆನ್ನಿಗೆ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರ. ಅವನ ಆಯುಷ್ಯ ಏಳೇ ದಿನ. ಇವೆಲ್ಲ ಮಾಡಿ, ಪೂಜಿಸಿ, ಬಿಟ್ಟುಬಿಡುವ ಗೊಂಬೆಗಳು. ನಮ್ಮ ಮನೆಯವರು ಮೈಸೂರು ಸೀಮೆಯವರಾದ್ದರಿಂದ ಅವರದು ಬೇರೆ ಪಂಥ: ದಸರೆಗೆ ಮೆಟ್ಟಿಲು ಕಟ್ಟಿ, ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆ ಕೂರಿಸಿ, ಮತ್ತೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುವುದು. ‘ನಿಮ್ಮ ಕಡೆ ಗೊಂಬೆಯನ್ನು ನೀರಿಗೆ ಬಿಡ್ತೀರಿ, ನಾವು ಬೀರುವಿನಲ್ಲಿ ಇಡ್ತೀವಿ’ ಎಂದು ಅವರು ಆಗಾಗ ಹೇಳುವುದುಂಟು.

ಅಂದು ಹೊರಗೆ ಹೋಗಿ ಮಣ್ಣು ತರುವಂತಿರಲಿಲ್ಲ. ಹಳೆಯ ಪಂಚೆ ಹರಿದು ಎರಡು ಎತ್ತು ಕಟ್ಟಿ, ಫೋಟೋ ತೆಗೆದು ಕಳಿಸಿದೆವು. ಮರುದಿನ ಅವ್ವನ ಫೋನು, “ಎತ್ತಿಗೆ ಇವತ್ತು ಮೇವು ಹಾಕಿದ್ರೇನು?” ಮಗಳು ಗಾಬರಿಯಾಗಿ ಕೊತ್ತಂಬರಿ ಸೊಪ್ಪು ಹಾಕಿ ಇನ್ನೊಂದು ಫೋಟೋ ತೆಗೆದಳು. ಮೂರನೆಯ ದಿನ, “ಎತ್ತು ಹೊಡಿಯಾಂವ ಎಲ್ಲದಾನ?” ಹೀಗೆ ಎತ್ತು ಹೊಡೆಯುವವನು ಬಂದ, ಅವನಿಗೆ ಬುತ್ತಿ ಒಯ್ಯುವವಳು ಬಂದಳು, ಅವಳ ಅತ್ತೆ ಬಂದಳು. ಸಂಸಾರ ಬೆಳೆಯುವುದೇ ಹೀಗೆ.

ದಿನಕ್ಕೊಂದು ಗೊಂಬೆ ಯಾರಿಂದಲೂ ಆಗದು. ರಾತ್ರಿ ಅರ್ಧ ಗಂಟೆಯಂತೆ ಕುಳಿತರೆ ವಾರಕ್ಕೊಂದು ಆದೀತು. ಫೋಟೋ ಮಾತ್ರ ದಿನಕ್ಕೊಂದು. ಅಂದು ಮನೆಯಲ್ಲಿ ನಡೆದದ್ದನ್ನು ಗೊಂಬೆಗಳು ಮಾಡಿ ತೋರಿಸುತ್ತಿದ್ದವು. ನಲ್ಲಿ ಬಂದ ದಿನ ಕೊಡದ ಸಾಲು, ಬಸ್ಸು ತಪ್ಪಿದ ದಿನ ಡಬ್ಬಿ ಹಿಡಿದು ನಿಂತ ಗುಮಾಸ್ತ, ನೆಗಡಿಯ ದಿನ ಹೊದ್ದು ಮಲಗಿದ ಸೊಸೆ. ಪತ್ರದಲ್ಲಿ ಬರೆಯಲಾಗದ್ದು, ಫೋನಿನಲ್ಲಿ ಹೇಳಿದರೆ ಅವ್ವ ಚಿಂತೆ ಮಾಡುವಂಥದ್ದು, ಗೇಣುದ್ದದ ಗೊಂಬೆ ಮಾಡಿದರೆ ನಗೆಯಲ್ಲಿ ಹೋಗುತ್ತಿತ್ತು.

ಮಾಡುವ ರೀತಿಯನ್ನು ಸ್ವಲ್ಪ ಹೇಳಬೇಕು, ಕೆಲವರು ಕೇಳಿದ್ದಾರೆ. ಒಳಗಿನ ಎಲುಬಿಗೆ ಕಬ್ಬಿಣದ ತಂತಿ ಬೇಡ. ತುಕ್ಕು ಹಿಡಿದು ಬಟ್ಟೆಗೆ ಕಲೆ ಬರುತ್ತದೆ. ಮೋಟಾರು ಸುತ್ತುವ ಅಂಗಡಿಯ ತಾಮ್ರದ ತಂತಿ ಒಳ್ಳೆಯದು. ಅದನ್ನು ಮತ್ತೆ ಮತ್ತೆ ಬಗ್ಗಿಸಿದರೆ ಗಡುಸಾಗಿ ಮುರಿಯುತ್ತದೆ, ಆದರೆ ಸುತ್ತುವ ಮೊದಲು ಕೆಂಪಗೆ ಕಾಯಿಸಿದರೆ ಮೆತ್ತಗಾಗುತ್ತದೆ. ಬಿ.ಎಸ್‌ಸಿ. ಪದವಿ ಇಷ್ಟು ವರ್ಷದ ನೌಕರಿಯಲ್ಲಿ ಕೆಲಸಕ್ಕೆ ಬಂದದ್ದು ಇಲ್ಲೊಂದೇ ಕಡೆ. ಅದರ ಮೇಲೆ ಹಳೆಯ ಧೋತರದ ಪಟ್ಟಿ ಸುತ್ತಿ ಮೈ ತುಂಬಿಸುವುದು, ಮುಖಕ್ಕೆ ಕೋರಾ ಬಟ್ಟೆ, ಕೂದಲಿಗೆ ಕರಿ ಉಲ್ಲನ್. ಅಂಟು ಹುಣಸೆಬೀಜದ್ದು: ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ ಕುದಿಸಬೇಕು. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆಗೆ ಇದೇ ಅಂಟಿನಲ್ಲಿ ಸೆಣಬಿನ ಪುಡಿ, ಮರದ ಹೊಟ್ಟು ಕಲಸಿ ‘ಕಿಟ್ಟ’ ಮಾಡಿ ಮೈ ತಿದ್ದುತ್ತಾರೆ. ಅವರ ಗರುಡ, ಅಂಬಾರಿಯ ಆನೆ ನೋಡಿದವರು ಇನ್ನೊಂದು ಗೊಂಬೆಯನ್ನು ಸುಲಭಕ್ಕೆ ಹೊಗಳಲಾರರು. ಚನ್ನಪಟ್ಟಣದ್ದು ಇನ್ನೊಂದು ಜಾಣತನ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಬಣ್ಣ ಕೂರುತ್ತದೆ. ಅದು ಯಂತ್ರದ ಕೆಲಸ, ಬಾಡಿಗೆ ಮನೆಯಲ್ಲಿ ಸಾಗದು. ಹುಣಸೆ ಅಂಟಿಗೆ ಹುಳ ಬೀಳದಂತೆ ಚಿಟಿಕೆ ಮೈಲುತುತ್ತ ಹಾಕುತ್ತೇವೆ. ಅದು ವಿಷ, ಬಟ್ಟಲು ಅಡಿಗೆಮನೆಗೆ ಹೋಗಕೂಡದು.

ಬಟ್ಟೆಗೆ ನಮ್ಮಲ್ಲಿ ಬರವಿಲ್ಲ. ಹತ್ತಿ-ರೇಷ್ಮೆ ಕೂಡಿಸಿ ನೇಯುವ ಹಿಮರೂ ಸಂಭಾಜಿನಗರದ ಹಳೆಯ ಕಸುಬು, ಅದರ ಚೂರು ಗೊಂಬೆಯ ಶಾಲಿಗೆ ಸರಿಯಾಗುತ್ತದೆ. ತಲೆಗಟ್ಟು, ಒಡವೆ ನೋಡಲು ಎಲ್ಲೋರ ಇದೆ. ಜೈನ ಗುಹೆಗಳ ಕಡೆಗೆ ಹೋದರೆ 32ನೆಯದರಲ್ಲಿ ಮಾವಿನ ಮರದ ಕೆಳಗೆ ಕುಳಿತ ಅಂಬಿಕೆ ಇದ್ದಾಳೆ. ಅವಳ ಕೂತ ಭಂಗಿಯನ್ನು ನಮ್ಮ ಬುತ್ತಿಯವಳಿಗೆ ಕೊಟ್ಟಿದ್ದೇವೆ. ದಿಲ್ಲಿಗೆ ಹೋಗುವವರು ವ್ಯಂಗ್ಯಚಿತ್ರಕಾರ ಶಂಕರ್ 1965ರಲ್ಲಿ ನೆಹರೂ ಹೌಸಿನಲ್ಲಿ ಆರಂಭಿಸಿದ ಗೊಂಬೆಗಳ ಸಂಗ್ರಹಾಲಯವನ್ನು ತಪ್ಪಿಸಬಾರದು. ದೇಶ ದೇಶದ ಗೊಂಬೆಗಳ ಜೊತೆಗೆ ನಮ್ಮ ಪ್ರಾಂತಗಳ ಉಡಿಗೆಯವೂ ಅಲ್ಲಿವೆ.

ಫೋಟೋದ ಗುಟ್ಟು ಎರಡೇ ಎನ್ನುತ್ತಾಳೆ ಮಗಳು. ಫೋನನ್ನು ನೆಲಕ್ಕಿಳಿಸಿ ಗೊಂಬೆಯ ಕಣ್ಣಿನ ಮಟ್ಟಕ್ಕೆ ಹಿಡಿದರೆ ಅದು ಮನುಷ್ಯನಾಗುತ್ತದೆ. ಮೇಲಿನಿಂದ ತೆಗೆದರೆ ಆಟಿಗೆಯಾಗಿಯೇ ಉಳಿಯುತ್ತದೆ. ಎರಡನೆಯದು ಬೆಳಕು. ಉತ್ತರದ ಕಿಟಕಿ, ಎದುರಿಗೆ ಬಿಳಿ ಹಾಳೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗವಾಗುತ್ತದೆಂದು ಪುಸ್ತಕ ಹೇಳುವುದು ಚುಕ್ಕೆಯಂಥ ದೀಪಕ್ಕೆ; ಕಿಟಕಿ ಅಷ್ಟು ನಿಷ್ಠುರವಲ್ಲ. ಆದರೂ ಒಂದು ಗೇಣು ಹಿಂದೆ ಸರಿದರೆ ಮುಖ ಮಂಕಾಗುವುದನ್ನು ಯಾರೂ ನೋಡಬಹುದು.

ಮೂರು ವರ್ಷ ಹೀಗೆ ನಡೆಯಿತು. 2023ರ ಬೇಸಿಗೆಯಿಂದ ಅವ್ವನ ಉತ್ತರಗಳು ಗಿಡ್ಡವಾದವು. ಮೊದಲು ‘ಕಚ್ಚಿ ಎಡಕ್ಕ ಬಂದೈತಿ’, ‘ಆಕಿ ಮೂಗಿನಾಗ ನತ್ತ ಇಲ್ಲ’ ಎಂದು ಕೂದಲು ಸೀಳುತ್ತಿದ್ದವಳು ‘ಚಲೋ ಐತಿ’ ಎನ್ನತೊಡಗಿದಳು. ಎಲ್ಲವೂ ಚಲೋ ಎಂದಾಗಲೇ ನಮಗೆ ಸಂಶಯ ಬಂದದ್ದು. ಅಣ್ಣ ತೋರಿಸಿಕೊಂಡು ಬಂದ. ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ನೋಟದ ನರವನ್ನು ಸದ್ದಿಲ್ಲದೆ ತಿನ್ನುವ ರೋಗ. ಸಾಮಾನ್ಯವಾಗಿ ಬದಿಗಳು ಮೊದಲು ಹೋಗುತ್ತವೆ, ನಟ್ಟ ನಡುವಿನದು ಕೊನೆಗೆ. ಹನಿ ಹಾಕಿದರೆ ಉಳಿದದ್ದನ್ನು ಕಾಯಬಹುದು, ಹೋದದ್ದು ಮರಳದು. ಪೊರೆಯಂತೆ ತೆಗೆಸಿಬಿಡುವ ಸಂಗತಿಯಲ್ಲ. ಮನೆಯಲ್ಲಿ ಹಿರಿಯರಿರುವ ಓದುಗರು, ಮತ್ತು ನಲವತ್ತು ದಾಟಿದ ನಾವೆಲ್ಲರೂ, ಕಣ್ಣಿನ ಒತ್ತಡವನ್ನು ಆಗಾಗ ನೋಡಿಸಿಕೊಳ್ಳುವುದು ಒಳ್ಳೆಯದು. ಇದು ವಂಶದಲ್ಲಿ ಬರುವುದುಂಟು. ನಮ್ಮದನ್ನು ನೋಡಿಸಿದ್ದೇವೆ.

ಕಣ್ಣು ಮಂದವಾದವರಿಗೆ ಚಿತ್ರ ದೊಡ್ಡದಾದರೆ ಒಳ್ಳೆಯದೆಂದು ಯಾರಿಗಾದರೂ ಅನ್ನಿಸೀತು. ಈ ರೋಗದಲ್ಲಿ ಅದು ತಿರುಗುಮುರುಗು. ಕೊಳವೆಯಲ್ಲಿ ನೋಡುವವರಿಗೆ ದೊಡ್ಡ ಚಿತ್ರದ ತುಣುಕು ಮಾತ್ರ ಸಿಗುತ್ತದೆ. “ಸಣ್ಣದು ಕಳಸ್ರಿ, ಒಂದ ಗೊಂಬಿ ಸಾಕು” ಎಂದಳು ಅವ್ವ. ಜಾತ್ರೆಯಂಥ ಫೋಟೋ ನಿಂತವು. ಬಿಳಿಯ ಹಿನ್ನೆಲೆಗೆ ಕಪ್ಪು ಸೀರೆಯ ಒಬ್ಬಳೇ ಹೆಂಗಸು. ಕಪ್ಪು ಹಿನ್ನೆಲೆಗೆ ಬಿಳಿ ಎತ್ತು. ಇದೇ ಊರಿನ ಭದ್ರಾ ಮಾರುತಿಯನ್ನೂ ಕೇಳಿದಳು. ಇಲ್ಲಿ ಹನುಮಪ್ಪ ಮಲಗಿದ ಭಂಗಿಯಲ್ಲಿದ್ದಾನೆ. ಶ್ರಾವಣದ ಶನಿವಾರಗಳಲ್ಲಿ ರಸ್ತೆ ತುಂಬ ಜನ. ಮಲಗಿದ ಮಾರುತಿಯನ್ನು ಮಾಡಿ ಕಳಿಸಿದ ದಿನ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. “ಬಾಲ ಎಲ್ಲಿಗೆ ಮುಗೀತೈತಿ, ತಿಳಿಯವಲ್ದು” ಎಂದಳು.

ಆ ವಾರ ಮಾರುತಿಯನ್ನೇ ಚಪ್ಪಲಿಯ ಡಬ್ಬಿಯಲ್ಲಿಟ್ಟು ಅಂಚೆಯಲ್ಲಿ ಕಳಿಸಿದೆವು. ಬಾಲ ಎಲ್ಲಿ ಮುಗಿಯುತ್ತದೆಂದು ಅವ್ವ ಬೆರಳಿನಿಂದ ನೋಡಿದಳು. ಉತ್ತರಗಳು ಮತ್ತೆ ಉದ್ದವಾದವು. “ಹೊಟ್ಟಿ ಭಾಳ ಮೆತ್ತಗ ಆಗೈತಿ, ಹನುಮಪ್ಪಗ ಹೊಟ್ಟಿ ಇರೂದುಲ್ಲ.”

ಅಲ್ಲಿಂದ ನಮ್ಮ ಗೊಂಬೆಗಳ ಸ್ವರೂಪವೇ ಬೇರೆಯಾಯಿತು. ಬಣ್ಣಕ್ಕಿದ್ದ ಬೆಲೆ ಹೋಗಿ ಮುಟ್ಟಿದರೆ ತಿಳಿಯುವುದಕ್ಕೆ ಬಂತು. ಮೀಸೆಗೆ ಸೆಣಬು, ನತ್ತಿಗೆ ಮಣಿ, ಬುತ್ತಿಯ ಗಂಟಿನಲ್ಲಿ ನಿಜವಾದ ಜೋಳದ ಕಾಳು. ಇಳಕಲ್ ಸೀರೆಯ ಮೈ ಮತ್ತು ಸೆರಗನ್ನು ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಆ ಗೆರೆ ಬೆರಳಿಗೆ ಸಿಕ್ಕುತ್ತದೆ. ಅದು ಸಿಕ್ಕಿದರೆ ಗೊಂಬೆ ನಮ್ಮ ಕಡೆಯವಳೆಂದು ಅವ್ವನಿಗೆ ಗೊತ್ತು. ಕಸೂತಿಯ ಮಾತು ಬಂದದ್ದೂ ಹೀಗೆಯೇ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆ. ಮೊದಲೆರಡು ಬಟ್ಟೆಯ ಎರಡೂ ಮಗ್ಗುಲಿಗೆ ಒಂದೇ ರೀತಿ ಕಾಣಬೇಕು, ಗಂಟು ಇರಕೂಡದು, ಪೆನ್ಸಿಲಿನ ಗೆರೆಯೂ ಇಲ್ಲ. ಎಳೆ ಎಣಿಸಿ ಎಣಿಸಿಯೇ ಗೋಪುರ, ತೇರು, ತುಳಸಿ ವೃಂದಾವನ ಏಳಬೇಕು. ಅವ್ವನ ಕೈಯ ಈ ವಿದ್ಯೆಯನ್ನು ಮನೆಯಲ್ಲಿ ಯಾರೂ ಕಲಿತಿರಲಿಲ್ಲ. ಈಗ ಮೈಸೂರು ಸೀಮೆಯ ಸೊಸೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕಲಿಯುತ್ತಾರೆ. ‘ಎಷ್ಟು ಎಳೆ ಬಿಡಲಿ ಅತ್ತೆ?’ ‘ನಾಕು ಎಳಿ ಬಿಟ್ಟು ಐದ್ನೇದ್ರಾಗ ಸೂಜಿ ಇಳಸವಾ.’ ತಪ್ಪಿದರೆ ಡಬ್ಬಿ ವಾಪಸು ಬರುತ್ತದೆ, ಅವ್ವ ಬೆರಳು ಇಟ್ಟ ಕಡೆ ಅಣ್ಣ ದಾರ ಕಟ್ಟಿ ಗುರುತು ಮಾಡಿರುತ್ತಾನೆ.

ಮಗಳ ಸಂಗತಿಯೊಂದುಂಟು. ಅವಳ ಶಾಲೆ ಮರಾಠಿಯದು, ಲೆಕ್ಕ ಮನಸ್ಸಿನಲ್ಲಿ ಮಾಡುವುದೂ ಮರಾಠಿಯಲ್ಲೇ. ಸಣ್ಣವಳಿದ್ದಾಗ ತರಗತಿಯಲ್ಲಿ ‘ಆಯಿ ಕೊಪ್ಪಳದಲ್ಲಿ ಇರುತ್ತಾಳೆ’ ಎಂದು ಅಜ್ಜಿಯ ಬಗ್ಗೆ ಹೇಳಿ, ತಾಯಿಯೇ ಮನೆಯಲ್ಲಿಲ್ಲವೆಂದು ಬಾಯಿಯವರು ಕನಿಕರಪಟ್ಟದ್ದೂ ಆಗಿದೆ. ಅಂಥವಳು ಕಸೂತಿಯ ಎಳೆಯನ್ನು ಕನ್ನಡದಲ್ಲಿ ಎಣಿಸುತ್ತಾಳೆ. ನಾವು ಹೇಳಿ ಮಾಡಿಸಿದ್ದಲ್ಲ. ಆಯಿ ಹೇಳುವ ಅಂಕಿ ಆ ಭಾಷೆಯಲ್ಲಿದೆ, ನಡುವೆ ಬದಲಿಸಿದರೆ ಲೆಕ್ಕ ತಪ್ಪುತ್ತದೆ.

ಹೋದ ಆಷಾಢದಲ್ಲಿ ಊರ ಕಡೆಯವರೊಬ್ಬರ ಕೈಯಲ್ಲಿ ಅವ್ವ ಒಂದು ಡಬ್ಬಿ ಕಳಿಸಿದಳು. ಕರಿಮಣ್ಣಿನ ಗುಳ್ಳವ್ವ. ನೋಡದೆ ಮಾಡಿದ್ದು. ಗುಲಗಂಜಿಯ ಕಣ್ಣು ಒಂದು ಮೇಲೆ ಒಂದು ಕೆಳಗೆ, ಕುಸುಬಿಯ ಸಾಲು ಮಾತ್ರ ಹಗ್ಗ ಹಿಡಿದಂತೆ ನೇರ. ಪೂಜೆಯಾದ ಮೇಲೆ ಬಿಡಬೇಕಾದ ಗೊಂಬೆ. ಅತ್ತೆ ಮಾಡಿದ್ದು, ಬಿಡುವುದಿಲ್ಲ ಎಂದು ನಮ್ಮ ಮನೆಯವರು ಅದನ್ನು ಪಟ್ಟದ ಗೊಂಬೆಯ ಪಕ್ಕ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ.

ಈಗ ಕೈಯಲ್ಲಿರುವುದು ಕಸೂತಿಯ ಕುಪ್ಪಸದ ಜೋಡಿ ಅಕ್ಕತಂಗಿಯರು. ಕೊಪ್ಪಳಕ್ಕೆ ಹೊರಡಬೇಕು, ಆದರೆ ಇಳಕಲ್ ಚೂರು ಮುಗಿದಿದೆ. ಓದುಗರ ಮನೆಯಲ್ಲಿ ಹರಿದ ಹಳೆಯ ಇಳಕಲ್ ಸೀರೆಯಿದ್ದರೆ ಕೊಂಡಿಯ ಗೆರೆ ಸೇರುವಂತೆ ಗೇಣಗಲ ಕತ್ತರಿಸಿ ಸಂಪಾದಕರ ವಿಳಾಸಕ್ಕೆ ಕಳಿಸಿದರೆ ಉಪಕಾರವಾಗುತ್ತದೆ. ಒಗೆದು ಕಳಿಸುವ ತೊಂದರೆ ಬೇಡ. ಅವ್ವ ಮೊದಲು ಮೂಸಿ ನೋಡುತ್ತಾಳೆ.