ಟಿಕೆಟ್ ಅಗ್ಗ, ನೀರು ದುಬಾರಿ

ವಿಮಾನದಿಂದ ಹೀರೋ ಇಳಿದು ಬರುವ ಸೀನು ನೀವೆಲ್ಲ ನೂರು ಸಲ ನೋಡಿದ್ದೀರಿ. ಕೂಲಿಂಗ್ ಗ್ಲಾಸು, ಕೈಯಲ್ಲೊಂದು ಚಿಕ್ಕ ಸೂಟ್‌ಕೇಸು, ಏನು ಠೀವಿ! ಆ ಸೂಟ್‌ಕೇಸನ್ನು ಯಾರಾದರೂ ತಕ್ಕಡಿಗೆ ಹಾಕಿದ್ದು ಕಂಡಿದ್ದೀರಾ? ನಮ್ಮದನ್ನು ಹಾಕಿದರು ಸ್ವಾಮಿ. ಅವ್ವನ ಕೈಚೀಲ 9 ಕಿಲೋ 200 ಗ್ರಾಂ. ಅವರು ಬಿಡೋದು 7 ಕಿಲೋ.

ಮೆಲ್ಬರ್ನ್‌ನಲ್ಲಿರುವ ಅಕ್ಕನಿಗೆ ದಿನ ತುಂಬಿತ್ತು. ಬಾಣಂತನಕ್ಕೆ ಅವ್ವ ಹೋಗಲೇಬೇಕು. ಹೊಳೆನರಸೀಪುರ ಬಿಟ್ಟು ಬೆಂಗಳೂರಿಗೆ ಬಂದದ್ದೇ ನಾಲ್ಕು ಸಲ. ಇಂಗ್ಲಿಷ್ ಅಕ್ಷರ ಗೊತ್ತಿಲ್ಲ. ಜೊತೆಗೆ ಹೋಗಿ ಬಿಟ್ಟು ಬರಲು ನಾನು. ಪಿಯುಸಿ ಅರ್ಧಕ್ಕೆ ಬಿಟ್ಟು, ಪತ್ರಿಕೆಗಳಿಗೆ ಬರೆದು ಬದುಕುವವನಿಗೆ ಅಗ್ಗದ ವಿಮಾನವೇ ಗತಿ. ದೊಡ್ಡ ಕಂಪನಿ ಇಬ್ಬರಿಗೂ ಸೇರಿ 96 ಸಾವಿರ ಕೇಳಿತು, ಇವರು 68 ಸಾವಿರ ಅಂದರು. ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆ, ಅಲ್ಲಿ ವಿಮಾನ ಬದಲಿಸಿ ಮೆಲ್ಬರ್ನ್‌ಗೆ ಏಳೂವರೆ ಗಂಟೆ. ಕಣ್ಣು ಮುಚ್ಚಿ ದುಡ್ಡು ಕಟ್ಟಿಬಿಟ್ಟೆ.

ಆಮೇಲೆ ಗೊತ್ತಾಯಿತು, ಟಿಕೆಟ್ ಅಂದರೆ ಅಲ್ಲಿ ಕೂರುವ ಜಾಗ ಮಾತ್ರ. ನಮ್ಮ ಕೆಂಪು ಬಸ್ಸಿನ ಕಂಡಕ್ಟರು ಮೂಟೆಗೆ ಲಗೇಜ್ ಟಿಕೆಟ್ ಹರಿಯುತ್ತಾನಲ್ಲ, ಹಾಗೆ ಪೆಟ್ಟಿಗೆಗೆ ಬೇರೆ, ಊಟಕ್ಕೆ ಬೇರೆ, ಪಕ್ಕಪಕ್ಕ ಕೂರಬೇಕೆಂದರೆ ಅದಕ್ಕೂ ಬೇರೆ! ಅವ್ವ ಚೀಲದಿಂದ ಒಂದು ಸೀರೆ ತೆಗೆದು ಉಟ್ಟಿದ್ದರ ಮೇಲೇ ಸುತ್ತಿಕೊಂಡಳು. ಅದರ ಮೇಲೆ ಶಾಲು, ಶಾಲಿನ ಮೇಲೆ ನನ್ನ ಜರ್ಕಿನ್ನು. ಉಳಿದದ್ದು ನನ್ನ ಜೇಬುಗಳಿಗೆ. ಚೀಲ 7ಕ್ಕೆ ಇಳಿಯಿತು. ಮೈಮೇಲಿನ ತೂಕಕ್ಕೆ ಅವರು ದುಡ್ಡು ಕೇಳಲ್ಲ ನೋಡಿ.

ಈ ಕಸುಬು ಹೊಸದೇನಲ್ಲ. 1977ರಲ್ಲೇ ಫ್ರೆಡ್ಡಿ ಲೇಕರ್ ಎಂಬ ಇಂಗ್ಲಿಷಿನವ ಲಂಡನ್ನಿನಿಂದ ನ್ಯೂಯಾರ್ಕಿಗೆ 59 ಪೌಂಡಿಗೆ ಜನರನ್ನು ಸಾಗಿಸಿದ. 1982ರಲ್ಲಿ ದಿವಾಳಿ ಎದ್ದ. ಐಸ್‌ಲ್ಯಾಂಡಿನ ವಾವ್ ಕಂಪನಿ 2019ರಲ್ಲಿ ಮುಳುಗಿತು. ಹತ್ತಿರದ ಊರುಗಳಿಗಾದರೆ ಒಂದೇ ವಿಮಾನವನ್ನು ದಿನಕ್ಕೆ ಆರೇಳು ಸಲ ಓಡಿಸಿ ಕಾಸು ಮಾಡಬಹುದು. ಎಂಟು ಗಂಟೆ ದೂರಕ್ಕೆ ಆ ಆಟ ನಡೆಯಲ್ಲ. ಸೀಟು ಹೆಚ್ಚಿಸಬೇಕು: ಬೇರೆಯವರು ಸಾಲಿಗೆ 8 ಸೀಟು ಹಾಕುವ ಏರ್‌ಬಸ್ 330ರಲ್ಲಿ ಕೆಲವು ಅಗ್ಗದ ಕಂಪನಿಗಳು 9 ತುರುಕುತ್ತವೆ. ಉಳಿದ ಲಾಭ ನೀರು, ಕಂಬಳಿ, ಕಾಫಿಯಿಂದ ಹುಟ್ಟಬೇಕು.

ಆ ನೀರೇ ನನ್ನ ಮಾನ ತೆಗೆದದ್ದು.

ಸೀಟಿನ ದುಡ್ಡು ಉಳಿಸಲು ಹೋಗಿ ಸಿಂಗಪುರದ ತನಕ ಅವ್ವ 11ನೇ ಸಾಲಿನಲ್ಲಿ, ನಾನು 27ರಲ್ಲಿ. ಮಧ್ಯರಾತ್ರಿ ಬೆಲ್ಟಿನ ದೀಪ ಆರಿದ ಮೇಲೆ ಎದ್ದು ಹೋದರೆ ಅವ್ವ ಬಿ.ಪಿ. ಮಾತ್ರೆ ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದಾಳೆ. ತುಂಬಿದ ಬಾಟಲಿಯನ್ನು ಸೆಕ್ಯುರಿಟಿಯಲ್ಲಿ ಕಸಿದಿದ್ದರು. (ಖಾಲಿ ಬಾಟಲಿ ಒಯ್ದು ಒಳಗಿನ ನಲ್ಲಿಯಲ್ಲಿ ತುಂಬಿಸಿಕೊಳ್ಳಬಹುದು, ನಿಮಗಾದರೂ ನೆನಪಿರಲಿ.) ಗಾಡಿ ತಳ್ಳಿಕೊಂಡು ಬಂದ ಹುಡುಗಿ ಬಾಟಲಿಗೆ ನಾಲ್ಕು ಡಾಲರ್ ಅಂದಳು. ರೂಪಾಯಿ ಚಾಚಿದೆ, ತಲೆಯಾಡಿಸಿದಳು. ಕಾರ್ಡು ಕೊಟ್ಟೆ, ಮೆಶಿನ್ನು ಕೆಂಪು ದೀಪ ತೋರಿಸಿತು. 2020ರಿಂದ ನಮ್ಮ ಬ್ಯಾಂಕುಗಳು ಕೊಡುವ ಹೊಸ ಕಾರ್ಡು ದೇಶದೊಳಗೆ ಮಾತ್ರ ನಡೆಯುತ್ತೆ. ಹೊರಗೆ ನಡೆಯಬೇಕಾದರೆ ನಾವೇ ಹೇಳಿ ಆನ್ ಮಾಡಿಸಬೇಕು. ಸಿನಿಮಾ ಸುದ್ದಿ ಎಲ್ಲ ಗೊತ್ತಿರುವ ನನಗೆ ಇದೊಂದು ಗೊತ್ತಿರಲಿಲ್ಲ.

ಅವ್ವನ ಪಕ್ಕದ ಸೀಟಿನ ಹುಡುಗ ಮಾತಿಲ್ಲದೆ ತನ್ನ ಕಾರ್ಡನ್ನು ಮೆಶಿನ್ನಿಗೆ ಮುಟ್ಟಿಸಿದ. ಸಿಂಗಪುರದಲ್ಲಿ ಕಟ್ಟಡದ ಕೆಲಸಕ್ಕಿರುವ ತಮಿಳರವನು, ನನಗಿಂತ ಚಿಕ್ಕವನು. "ಕುಡೀಂಗಮ್ಮಾ" ಅಂದ. ನಾನು ಏನೂ ಹೇಳಲಾಗದೆ ವಾಪಸ್ 27ಕ್ಕೆ ಬಂದು ಕೂತೆ.

ಬೆಳಗ್ಗೆ ಚಾಂಗಿ ನಿಲ್ದಾಣದಲ್ಲಿ ಅವ್ವ ಅವನನ್ನು ಬಿಡಲಿಲ್ಲ. ವಿಮಾನದಲ್ಲಿ ಹೊರಗಿನ ತಿಂಡಿ ಬಿಚ್ಚುವಂತಿಲ್ಲವೆಂದು ಹಾಗೇ ಉಳಿದಿದ್ದ ಅಕ್ಕಿರೊಟ್ಟಿ ಗಂಟು ಬಿಚ್ಚಿ, "ತಗಳಪ್ಪ, ರಾತ್ರಿಯಿಂದ ಏನೂ ತಿಂದಿಲ್ಲ ನೀನು" ಅಂತ ಕೈಗಿಟ್ಟಳು. ಮಾತು ಸಿನಿಮಾಕ್ಕೆ ತಿರುಗಿತು. ಸೂರ್ಯನ 'ಸೂರರೈ ಪೋಟ್ರು' ಐದು ಸಲ ನೋಡಿದ್ದಾನಂತೆ! ಒಂದು ರೂಪಾಯಿಗೆ ಬಡವರನ್ನು ವಿಮಾನ ಹತ್ತಿಸುವ ಹೀರೋ ಮಧುರೆ ಕಡೆಯವನೆಂದೇ ನಂಬಿದ್ದ. ಆ 2020ರ ಚಿತ್ರಕ್ಕೆ ಎಳೆ ಕೊಟ್ಟದ್ದು ನಮ್ಮ ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ ಬದುಕು, 2003ರಲ್ಲಿ ಏರ್ ಡೆಕ್ಕನ್ ಹಾರಿಸಿದವರು ಅಂದೆ. ಬಾಯಿಬಿಟ್ಟು ನೋಡಿದ. "ಗೊರೂರಾ? ನಮ್ಮೂರ ಪಕ್ಕದ್ದೇ ಕಣಪ್ಪ!" ಎಂದು ಅವ್ವ ಉಬ್ಬಿಹೋದಳು. ಆ ಕಂಪನಿ ಕೊನೆಗೆ ಕಿಂಗ್‌ಫಿಷರಿನ ಹೊಟ್ಟೆ ಸೇರಿದ ಕಥೆ ನಾನು ಎತ್ತಲಿಲ್ಲ. ಡ್ಯೂಟಿಗೆ ಹೊತ್ತಾಯಿತೆಂದು ಅವನು ಹೊರಟ.

ನಾವು ಒಳಗೇ ಉಳಿದೆವು. ಎರಡೂ ವಿಮಾನಕ್ಕೆ ಒಂದೇ ಟಿಕೆಟ್ ಮಾಡಿಸಿದ್ದು ನಾನು ಮಾಡಿದ ಒಂದೇ ಜಾಣತನ. ಬೇರೆ ಬೇರೆ ಮಾಡಿಸಿದರೆ ಪೆಟ್ಟಿಗೆಗಾಗಿ ಹೊರಗೆ ಹೋಗಬೇಕು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರಿಲ್ಲ.

ಎರಡನೇ ವಿಮಾನದಲ್ಲಿ ಅಕ್ಕನೇ ದುಡ್ಡು ಕಟ್ಟಿ ಪಕ್ಕಪಕ್ಕದ ಸೀಟು ಕೊಡಿಸಿದ್ದಳು. ಎದುರಿನ ಸೀಟಿನ ಬೆನ್ನಿಗೆ ಟಿ.ವಿ. ಇಲ್ಲ. ಏಳೂವರೆ ಗಂಟೆ ಒಂದು ಸಿನಿಮಾನೂ ಇಲ್ಲದೆ ನಾನು! ಅವ್ವನೇ ಶುರು ಮಾಡಿದಳು. 1978ರಲ್ಲಿ 'ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ' ಬಂದಾಗ ಅವಳಿಗೆ ಹದಿನೈದು ವರ್ಷ, ಟೆಂಟಿನಲ್ಲಿ ಮುಂದೆ ನೆಲದ ಮೇಲೆ ಕೂತು ನೋಡಿದ್ದಂತೆ. ವಿಷ್ಣು ಬಂದಾಗ ಹಾರಿದ ಶಿಳ್ಳೆ, ದ್ವಾರಕೀಶ್ ಕುಣಿತ, ಪರದೆಯ ಮೇಲಿನ ಆ ಊರು. "ಅದೇ ಊರಲ್ಲೇನ್ಲಾ ನಾನು ಬೆಳಗ್ಗೆ ರೊಟ್ಟಿ ತಿಂದಿದ್ದು?" ಎಂದು ಮೂರು ಸಲ ಕೇಳಿದಳು. ಕಥೆ ಮಧ್ಯೆ ಮಧ್ಯೆ ಕಾಲು ಉಜ್ಜಿಕೊಳ್ಳುತ್ತಿದ್ದಳು. ಇಳಿಯುವಾಗ ಪಾದ ಊದಿ ಚಪ್ಪಲಿಗೆ ಹಿಡಿಸಲಿಲ್ಲ. ಕೈಯಲ್ಲಿ ಹಿಡಿದೇ ನಡೆದಳು.

ರಾತ್ರಿ ಅಕ್ಕನ ಮನೆಯಲ್ಲಿ ಲೆಕ್ಕ ಹಾಕಿದೆ. ಪೆಟ್ಟಿಗೆ, ಸೀಟು, ಊಟ ಎಲ್ಲ ಸೇರಿ 68 ಸಾವಿರ ಹೋಗಿ 92 ಆಗಿತ್ತು.

"ಎಷ್ಟು ಉಳೀತ್ಲಾ ಮಗಾ?" ಅಂದಳು ಅವ್ವ, ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು.

"ನಾಲ್ಕು ಸಾವಿರ."

"ಆ ಹುಡುಗನ ನೀರಿನ ದುಡ್ಡು ಕೊಟ್ಟೇನ್ಲಾ?"

ಕೊಟ್ಟಿರಲಿಲ್ಲ. ಅವನ ಹೆಸರನ್ನೂ ಕೇಳಿರಲಿಲ್ಲ.